ಹರಳು ಪಾಠದ ಎರಡನೇ ದಿನ

ಐದನೇ ತರಗತಿಯ ಘನವಸ್ತುಗಳ ಪಾಠದಲ್ಲಿ ‘ಹರಳು’ ಎಂಬ ಪದ ಒಂದೇ ಒಂದು ಕಡೆ ಬರುತ್ತಿತ್ತು. ಅರ್ಧ ನಿಮಿಷದಲ್ಲಿ ದಾಟಿ ಮುಂದೆ ಹೋಗಬಹುದಿತ್ತು. ಆದರೆ ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ.

“ಟೀಚರ್, ಹರಳು ಅಂದ್ರ ಉಂಗುರದಾಗ ಕುಂದ್ರಿಸ್ತಾರಲ್ರಿ, ಅದಾ?”

“ಅಲ್ಲಲೇ,” ಎಂದಿತು ಹಿಂದಿನಿಂದ ಇನ್ನೊಂದು ದನಿ. “ನಮ್ಮಜ್ಜಗ ಕಿಡ್ನ್ಯಾಗ ಹರಳು ಆಗ್ಯಾವ. ಅದು.”

ತರಗತಿ ನಕ್ಕಿತು. ನಾನೂ ನಕ್ಕೆ. ಪದವೊಂದು ಮಕ್ಕಳ ಬಾಯಿಗೆ ಸಿಕ್ಕಿ ಹೀಗೆ ಉರುಳಾಡತೊಡಗಿದರೆ ಪಾಠ ಮಾಡುವವರಿಗೆ ಖುಷಿಯಾಗುತ್ತದೆ. ಆ ಖುಷಿಯಲ್ಲೇ ಪುಸ್ತಕ ಮುಚ್ಚಿಟ್ಟೆ.

ಶಾಲೆ ಇರುವುದು ಕಂಪ್ಲಿ ತಾಲ್ಲೂಕಿನ ಮೆಟ್ರಿಯ ಆಚೆ, ಕಾಲುವೆ ನೀರಿನ ಗದ್ದೆಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರನ್ನೂ ಮಕ್ಕಳ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಹೊಸಪೇಟೆಯ ಚಿತ್ತವಾಡ್ಗಿಯಿಂದ ದಿನವೂ ಬಸ್ಸು ಹಿಡಿದು ಕಂಪ್ಲಿಗೆ, ಅಲ್ಲಿಂದ ಟಂಟಂ ಆಟೋದಲ್ಲಿ ಶಾಲೆಗೆ ಬರುತ್ತಿದ್ದೆ. ಶಾಲೆಗೆ ನಾವು ಇಬ್ಬರೇ, ಹೆಡ್ ಮಾಸ್ತರರು ಮತ್ತು ನಾನು. ಐದನೇ ತರಗತಿಯಲ್ಲಿ ಇಪ್ಪತ್ಮೂರು ಮಕ್ಕಳು.

ಬಿಸಿಯೂಟದ ಅಡುಗೆ ಕೋಣೆಯಿಂದ ಸಕ್ಕರೆ, ಹರಳುಪ್ಪು, ರವೆ, ಗೋಧಿ ಹಿಟ್ಟು ತಂದೆ. ಅಂಗಳದಿಂದ ಒಂದು ಮುಷ್ಟಿ ಮರಳು. ಎಲ್ಲವನ್ನೂ ಕಪ್ಪು ಸ್ಲೇಟುಗಳ ಮೇಲೆ ಚಿಟಿಕೆ ಚಿಟಿಕೆ ಇಟ್ಟು ಮಕ್ಕಳನ್ನು ಸುತ್ತ ಕೂರಿಸಿದೆ. ಹಿಟ್ಟನ್ನು ಊದಿದರೆ ಹಾರಿತು, ಬೆರಳಿಗೆ ಮೆತ್ತಿಕೊಂಡಿತು. ಸಕ್ಕರೆ ಹಾರಲಿಲ್ಲ, ಸ್ಲೇಟು ವಾರೆ ಮಾಡಿದರೆ ಉರುಳಿತು. ಒಂದೊಂದು ಕಾಳೂ ಬೇರೆ ಬೇರೆಯಾಗಿ ಕಾಣುತ್ತಿತ್ತು. “ನಮ್ಮ ಪಾಠದಲ್ಲಿ ಹೀಗೆ ಬಿಡಿಬಿಡಿಯಾಗಿ, ಗಟ್ಟಿಯಾಗಿ, ಸಣ್ಣಗೆ ಇರೋದೇ ಹರಳು,” ಎಂದೆ. ಒಬ್ಬಳು ಸಾಸಿವೆಯೂ ಹರಳಾ ಎಂದು ಕೇಳಿದಳು. ಅದು ಬೀಜ, ಬಿತ್ತಿದರೆ ಹುಟ್ಟುತ್ತದೆ ಎಂದೆ. ಚರ್ಚೆ ಬಿಸಿಯಾಯಿತು.

ಯಾವುದೇ ವಸ್ತುವನ್ನು ಗುರುತಿಸುವುದು ಹೇಗೆ ಎಂದು ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದೆ. ನೋಡು. ಮುಟ್ಟು. ನೀರಿಗೆ ಹಾಕು. ರುಚಿ ನೋಡು.

ನಾಲ್ಕನೆಯದನ್ನು ನಾನೇ ಮೊದಲು ಮಾಡಿ ತೋರಿಸಿದೆ. ಕಣ್ಣು ಮುಚ್ಚಿ ಒಂದು ಹರಳು ನಾಲಿಗೆಯ ಮೇಲಿಟ್ಟು “ಉಪ್ಪು!” ಎಂದೆ. ಮಕ್ಕಳು ಸರದಿಯಲ್ಲಿ ಬಂದು ಸಕ್ಕರೆ, ಉಪ್ಪು ನೆಕ್ಕಿ ಕೂಗಿದರು. ಗಂಟೆ ಹೊಡೆದಾಗ ಅವರಿಗೆ ಒಂದು ಕೆಲಸ ಹಚ್ಚಿದೆ: “ನಾಳೆ ನಿಮ್ಮ ಮನೆಯಿಂದ ಯಾವುದಾದರೂ ಒಂದು ಹರಳು ಕಾಗದದಲ್ಲಿ ಕಟ್ಟಿ ತನ್ನಿ.”

ಯಾವುದಾದರೂ ಎಂದೆ. ಅಡುಗೆ ಮನೆಯದು ಎನ್ನಲಿಲ್ಲ.

ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮಾಸ್ತರರ ಕೋಣೆಯಲ್ಲಿ ಹಾಜರಾತಿಯನ್ನು ಫೋನಿನಲ್ಲಿ ಏರಿಸಲು ಕುಳಿತೆ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಇಪ್ಪತ್ತು ನಿಮಿಷ ಹಿಡಿಯಿತು. ತರಗತಿಯ ಕಡೆ ನಡೆದಾಗ ಒಳಗಿಂದ ಮಕ್ಕಳು ರಾಗ ಎಳೆದು ಹೇಳುತ್ತಿದ್ದುದು ಕೇಳಿಸಿತು. ನೋಡು, ಮುಟ್ಟು, ನೀರಿಗೆ ಹಾಕು, ರುಚಿ ನೋಡು. ಬಾಗಿಲ ಹೊರಗೆ ಒಂದು ಕ್ಷಣ ನಿಂತು ಕೇಳಿದೆ. ಹೆಮ್ಮೆಯಾಯಿತು. ಆ ಒಂದು ಕ್ಷಣಕ್ಕಾಗಿ ನನ್ನನ್ನು ನಾನು ಈಗಲೂ ಕ್ಷಮಿಸಿಕೊಂಡಿಲ್ಲ.

ಬೆಂಚಿನ ಮೇಲೆ ಪೊಟ್ಟಣಗಳನ್ನು ಸಾಲಾಗಿ ಬಿಚ್ಚಿಟ್ಟಿದ್ದರು. ಸಕ್ಕರೆ ಏಳೆಂಟು ಕಡೆ. ಸಾಬೂದಾನಿ, ರವೆ, ಯೂರಿಯಾ ಗೊಬ್ಬರ. ಗಣಿ ಸೀಮೆಯ ಯಶವಂತನಗರದಲ್ಲಿ ಲಾರಿ ಓಡಿಸುವ ಮಾವ ಇರುವ ಹುಡುಗ ಕೆಂಪು ಅದಿರಿನ ಕಾಳುಗಳನ್ನು ಬೆಂಕಿಪೊಟ್ಟಣದಲ್ಲಿ ತಂದಿದ್ದ. ತುದಿಯಲ್ಲಿ ನ್ಯೂಸ್ ಪೇಪರಿನ ಚೂರಿನ ಮೇಲೆ ನೇರಳೆ ಬಣ್ಣದ, ಸಾಸಿವೆಗಿಂತ ಸಣ್ಣ ಹರಳುಗಳು. ಇದ್ದುದರಲ್ಲೆಲ್ಲ ಅವೇ ಚಂದ. ಪಕ್ಕದ ಲೋಟದ ನೀರು ಆಗಲೇ ತಿಳಿ ನೇರಳೆಯಾಗಿತ್ತು.

“ಇದೇನು? ಯಾರು ತಂದದ್ದು?”

“ನಾನ್ರಿ,” ಎಂದಳು ಕಿಟಕಿ ಪಕ್ಕ ಕೂರುವ ಹುಡುಗಿ. ಕಡಿಮೆ ಮಾತಿನವಳು, ಓದಿನಲ್ಲಿ ಮುಂದು. “ಗುಳಿಗಿರಿ ಟೀಚರ್. ಗದ್ದಿಗೆ ಚೆಲ್ತಾರಲ್ರಿ, ಅದು.”

ಪೇಟೆಯಲ್ಲಿ ಬೆಳೆದ ನನಗೆ ಗುಳಿಗಿ ಎಂದರೆ ಜ್ವರಕ್ಕೆ ನುಂಗುವ ಮಾತ್ರೆ. ಅವಳ ಮಾತು ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಡುಗೆಯಕ್ಕ ತರಕಾರಿ ಬುಟ್ಟಿ ಹಿಡಿದು ಬಾಗಿಲ ಮುಂದೆ ಹಾಯ್ದವಳು ಒಳಗೆ ಇಣುಕಿ ಅಲ್ಲೇ ನಿಂತಳು. ಹಂಗಾಮಿನಲ್ಲಿ ಗದ್ದೆ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಅವಳು.

“ಅಯ್ಯ ಶಿವನ, ಅದನ್ನ್ಯಾಕ ಇಲ್ಲಿ ತಂದೀರಿ? ಟೀಚರಮ್ಮ, ಅದು ಹುಳಕ್ಕ ಹಾಕೋ ಔಷಧರಿ. ವಿಷ ಐತಿ ಅದು!”

ನಾನು ತಿರುಗಿ ಬೋರ್ಡು ನೋಡಿದೆ. ನಿನ್ನೆಯ ನಾಲ್ಕು ಸಾಲು ಹಾಗೇ ಇದ್ದವು, ನನ್ನ ದುಂಡು ಅಕ್ಷರದಲ್ಲಿ.

“ಇದನ್ನ ಬಾಯಲ್ಲಿ ಇಟ್ಕೊಂಡವರು ಯಾರು?”

ಇಪ್ಪತ್ಮೂರು ಮುಖ ನನ್ನನ್ನೇ ನೋಡುತ್ತಿದ್ದವು. ಯಾರ ಹೊಟ್ಟೆಗೆ ವಿಷ ಇಳಿದಿದೆ ಎಂದು ಹುಡುಕುತ್ತ ನನ್ನ ಕಣ್ಣು ಒಂದರಿಂದ ಒಂದಕ್ಕೆ ಓಡಿತು. ಎಲ್ಲ ಮಕ್ಕಳೂ ಬೆಳಗಿನ ಹಾಗೇ ಕಾಣುತ್ತಿದ್ದರು.

ಸದ್ದು ಕೇಳಿ ಹೆಡ್ ಮಾಸ್ತರರು ಬಂದರು. ವಿಷಯ ತಿಳಿದೊಡನೆ ಅವರ ಮುಖ ಬಿಳಿಚಿಕೊಂಡಿತು. ಹೆದರಿದ ಗಂಡಸರು ಬಹಳ ಸಲ ಮಾಡುವಂತೆ ಅವರೂ ಗದರಿದರು. “ಹೇಳ್ರಿಲೇ! ಯಾರು ತಿಂದೀರಿ? ಹೇಳಲಿಲ್ಲಂದ್ರ ಚರ್ಮ ಸುಲಿದು ಬಿಡ್ತೀನಿ!”

ಮಕ್ಕಳು ಇನ್ನಷ್ಟು ಮುದುಡಿದರು. ನಾನು ಹೆಡ್ ಮಾಸ್ತರರ ತೋಳು ಮುಟ್ಟಿ, “ಸರ್, ನೀವು ಆಂಬುಲೆನ್ಸಿಗೆ ಫೋನ್ ಮಾಡಿ, ನಾನು ಕೇಳ್ತೀನಿ,” ಎಂದು ಹೊರಗೆ ಕಳಿಸಿದೆ. ನೆಲದ ಮೇಲೆ ಮಕ್ಕಳ ನಡುವೆ ಕುಳಿತೆ.

“ನಿನ್ನೆ ರುಚಿ ನೋಡ್ರಿ ಅಂತ ಹೇಳಿದ್ದು ಯಾರು?”

“ನೀವ್ರಿ,” ಎಂದಿತು ಒಂದು ಸಣ್ಣ ದನಿ.

“ಹೌದು. ಹಂಗಿದ್ರೆ ತಪ್ಪು ನಂದು. ನೀವು ನಾನು ಹೇಳಿದ್ದು ಕೇಳೀರಿ. ಯಾರೂ ನಿಮ್ಮನ್ನ ಹೊಡಿಯೋದಿಲ್ಲ. ನಾಲಿಗಿಗೆ ಹಚ್ಚಿದವರು ಬಂದು ನನ್ನ ಬಾಜೂ ಕುಂದ್ರಿ.”

ಮೊದಲು ಒಬ್ಬ ಹುಡುಗ ಎದ್ದ. ಆಮೇಲೆ ಇಬ್ಬರು ಹುಡುಗಿಯರು. ಕೊನೆಗೆ ಅದಿರು ತಂದವನು. ನಾಲ್ವರೂ ಒಂದೊಂದೇ ಹರಳು ನೆಕ್ಕಿ ಉಗುಳಿದೆವು ಎಂದರು. ಕಿಟಕಿ ಪಕ್ಕದ ಹುಡುಗಿಯನ್ನು ನೋಡಿ “ನೀನು?” ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ನಂಬಿದೆ. ನಂಬುವುದು ನನಗೆ ಬೇಕಾಗಿತ್ತು.

ಅಡುಗೆಯಕ್ಕ ಉಪ್ಪುನೀರು ಕಲಸಿ ತಂದಿದ್ದಳು. ಕುಡಿಸಿ ವಾಂತಿ ಮಾಡಿಸಬೇಕೆಂದು ನನಗೂ ಅನಿಸಿತ್ತು. ಅಷ್ಟರಲ್ಲಿ ಹೆಡ್ ಮಾಸ್ತರರು ಫೋನಿನಲ್ಲಿ ಕಂಪ್ಲಿ ಆಸ್ಪತ್ರೆಯ ಡಾಕ್ಟರನ್ನು ಹಿಡಿದಿದ್ದರು. ಅವರು ಹೇಳಿದ್ದನ್ನು ಇವರು ಕಿಟಕಿಯಿಂದಲೇ ಕೂಗಿದರು. ವಾಂತಿ ಮಾಡಿಸಬಾರದು. ಏನೂ ಕುಡಿಸಬಾರದು. ಬಾಯಿ ಮುಕ್ಕಳಿಸಿ ಉಗುಳಿಸಬೇಕು. ಮುಟ್ಟಿದವರೆಲ್ಲರ ಕೈ ಸೋಪು ಹಚ್ಚಿ ತೊಳೆಸಬೇಕು. ನೆಕ್ಕಿದವರನ್ನು ಕೂಡಲೇ ಕರೆತರಬೇಕು, ಜೊತೆಗೆ ಔಷಧದ ಚೀಲ ಅಥವಾ ಅದರ ಹೆಸರು.

ಆಂಬುಲೆನ್ಸು ಬರಲು ಇಪ್ಪತ್ತು ನಿಮಿಷ ಎಂದಿದ್ದರು. ಗೇಟಿನ ಬಳಿ ಟಂಟಂ ನಿಂತಿತ್ತು. ಹೆಡ್ ಮಾಸ್ತರರು ನಾಲ್ವರನ್ನೂ ಹತ್ತಿಸಿಕೊಂಡು ಹೊರಟರು. ಹೋಗುವಾಗ, “ಆಂಬುಲೆನ್ಸು ಬ್ಯಾಡ ಅಂದುಬಿಡ್ಲಾ?” ಎಂದು ಕೇಳಿದರು. ಬರಲಿ ಬಿಡಿ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಉಳಿದ ಮಕ್ಕಳನ್ನು ನಲ್ಲಿಯ ಹತ್ತಿರ ಸಾಲು ನಿಲ್ಲಿಸಿದೆ. ಒಬ್ಬೊಬ್ಬರ ಕೈಯನ್ನೂ ನಾನೇ ಹಿಡಿದು, ಉಗುರಿನ ಸಂದಿಯವರೆಗೆ ಸೋಪು ಉಜ್ಜಿದೆ. ತೊಳೆದವರನ್ನು ಬೇವಿನ ಮರದ ಕಟ್ಟೆಗೆ ಕಳಿಸುತ್ತ ಎಣಿಸಿದೆ. ಹತ್ತೊಂಬತ್ತು ಇರಬೇಕಿತ್ತು. ಹದಿನೆಂಟಿತ್ತು. ತಿರುಗಿ ಎಣಿಸಿದೆ. ಹದಿನೆಂಟೇ.

ತರಗತಿಗೆ ಓಡಿದೆ. ಕಿಟಕಿ ಪಕ್ಕದ ಜಾಗದಲ್ಲಿ ಅವಳ ಚೀಲ ಇತ್ತು. ಬಾಗಿಲಲ್ಲಿ ಅವಳ ಚಪ್ಪಲಿ ಇದ್ದವು. ಬೆಂಚಿನ ತುದಿಯಲ್ಲಿದ್ದ ನೇರಳೆ ಪೊಟ್ಟಣ ಇರಲಿಲ್ಲ.

ಹೊರಗೆ ಬಂದು ಮಕ್ಕಳನ್ನು ಕೇಳಿದೆ. ಅವಳ ಪಕ್ಕ ಕೂರುವ ಗೆಳತಿ ಅಳತೊಡಗಿದಳು. ಹೆಡ್ ಮಾಸ್ತರರು ಇಲ್ಲದ್ದು ನೋಡಿ ಧೈರ್ಯ ಬಂದಿರಬೇಕು.

“ಟೀಚರ್, ಆಕಿ ಭಾಳ ತಿಂದಾಳ್ರಿ. ನಾವು ಅಂಜಿದ್ವಿ. ಏನೂ ಆಗಂಗಿಲ್ಲ ನೋಡ್ರಿ ಅಂತ ಚಿಟಿಕಿ ತುಂಬ ಬಾಯಾಗ ಹಾಕ್ಕೊಂಡ್ಳು. ಉಗುಳಲಿಲ್ರಿ.”

ಆಗ ನನ್ನೊಳಗೆ ಆದದ್ದನ್ನು ಹೇಗೆ ಬರೆಯಲಿ? ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಮಕ್ಕಳ ಬಾಯಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅಡುಗೆಯಕ್ಕ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಅವಳು ಆಗಲೇ ಹುಡುಗಿಯ ಓಣಿಯವರಿಗೆ ಫೋನ್ ಮಾಡಿದ್ದಳು. ಮನೆಗೆ ಬೀಗ. ಅಪ್ಪ ಅವ್ವ ಇಬ್ಬರೂ ಬೇರೆ ಬೇರೆಯವರ ಗದ್ದೆಗೆ ಕೂಲಿಗೆ ಹೋಗಿದ್ದಾರೆ, ಯಾರ ಗದ್ದೆಗೋ ಗೊತ್ತಿಲ್ಲ. ಅಪ್ಪನ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ.

ಆಗಲೇ ಹೆಡ್ ಮಾಸ್ತರರ ಫೋನ್ ಬಂತು. ಆಸ್ಪತ್ರೆ ಮುಟ್ಟಿದ್ದರು. ಒಬ್ಬನಿಗೆ ಬಾಯಲ್ಲಿ ನೀರೂರುತ್ತಿದೆ, ಉಳಿದವರಿಗೆ ಸದ್ಯಕ್ಕೆ ಏನಿಲ್ಲ. ಡಾಕ್ಟರು ಔಷಧದ ಹೆಸರು ಕೇಳುತ್ತಿದ್ದಾರೆ. ಹುಡುಗಿ ಕಾಣೆಯಾದದ್ದನ್ನು ಹೇಳಿದೆ. ಆಮೇಲೆ ಅವರು ದನಿ ತಗ್ಗಿಸಿದರು.

“ಮೇಡಂ, ಒಂದು ಮಾತು. ಯಾರಾರ ಕೇಳಿದ್ರ ಹುಡುಗ್ರು ಮನಿಯಿಂದ ತಂದು ತಿಂದಾವ ಅನ್ರಿ. ಪಾಠದ ಸುದ್ದಿ ಎತ್ತಬ್ಯಾಡ್ರಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ.”

ಅವರು ಕೆಟ್ಟವರಲ್ಲ. ಅವರ ಮಾತು ನನಗೆ ಆಸರೆಯಂತೆಯೂ ಕೇಳಿಸಿತು, ಅದನ್ನು ಮುಚ್ಚಿಡಲಾರೆ. ಮನೆಯಿಂದ ತಂದರು, ತಿಂದರು. ಆಗ ನನಗೆ ತಿಳಿದಮಟ್ಟಿಗೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಹುಡುಗಿಯನ್ನು ಹುಡುಕುವುದು ಎಲ್ಲಿ? ಶಾಲೆಯ ಹಿಂದಿನ ಮುರಿದ ಕಾಂಪೌಂಡು ದಾಟಿದರೆ ನಾಟಿ ಮಾಡಿದ ಗದ್ದೆ, ಅದರಾಚೆ ಆಳೆತ್ತರದ ಕಬ್ಬು, ಅದರಾಚೆ ಬಾಳೆ. ಒಂದು ಮಗು ಕುಳಿತರೆ ಹತ್ತು ಹೆಜ್ಜೆ ದೂರದಿಂದ ಕಾಣದು. ಹೆಸರು ಹಿಡಿದು ಕೂಗಿದೆವು. ಅಡುಗೆಯಕ್ಕ ತಡೆದಳು. “ಹಿಂಗ ಒದರಿದ್ರ ಬೈತಾರ ಅಂತ ಇನ್ನಾ ಒಳಗ ಹೋಗ್ತಾಳ್ರಿ. ಅಂಜಿ ಓಡ್ಯಾಳ ಆಕಿ.”

ಗ್ರಾಮ ಪಂಚಾಯ್ತಿ ಕಟ್ಟಡದ ಮೇಲೆ ಮೈಕು ಇತ್ತು. ನಲ್ಲಿ ನೀರು ಬಿಡುವ ಸುದ್ದಿ ಹೇಳಲು ಬಳಸುತ್ತಿದ್ದರು. ಗಾಳಿ ಇದ್ದರೆ ಗದ್ದೆಗಳವರೆಗೂ ಕೇಳಿಸುತ್ತಿತ್ತು. ಮಕ್ಕಳನ್ನು ಅಡುಗೆಯಕ್ಕನ ಕೈಗೆ ಒಪ್ಪಿಸಿ ಓಡಿದೆ. ನೀರು ಬಿಡುವವನು ಒಳಗೇ ಇದ್ದ. ಒಂದು ಹುಡುಗಿ ಔಷಧ ತಿಂದು ತಪ್ಪಿಸಿಕೊಂಡಿದ್ದಾಳೆ, ಮೈಕಿನಲ್ಲಿ ಹೇಳಬೇಕು ಎಂದೆ. ಅವನು ಸ್ವಿಚ್ಚು ಒತ್ತಿ, ಊದಿ ನೋಡಿ, “ನೀವು ಹೇಳ್ರಿ ಏನಂತ, ನಾನ ಒದರ್ತೀನಿ,” ಎಂದ.

ಅವನಿಗೇ ಬಿಡಬಹುದಿತ್ತು. ಅವನು ಹುಡುಗಿಯ ಹೆಸರು ಕೂಗುತ್ತಿದ್ದ, ಊರವರು ಹುಡುಕುತ್ತಿದ್ದರು, ಪಾಠದ ಮಾತು ಬರುತ್ತಿರಲಿಲ್ಲ. ಆದರೆ ಅವನ ಗಡಸು ದನಿ ಕೇಳಿ ಅವಳು ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಹೆದರಿದ್ದು ವಿಷಕ್ಕಲ್ಲ. ತಪ್ಪು ಮಾಡಿದೆ ಎಂದು. ಆ ಭಯವನ್ನು ತೆಗೆಯಬೇಕಾದರೆ ತಪ್ಪು ಯಾರದೆಂದು ಇಡೀ ಊರಿಗೆ ಕೇಳುವಂತೆ ಹೇಳಬೇಕಿತ್ತು.

ಪೊಟ್ಟಣವನ್ನೂ ಒಯ್ದಿದ್ದಳು, ಅದು ಬಂದ ಜಾಗಕ್ಕೇ ಹೋಗಿರಬಹುದು ಎಂದೂ ಅನಿಸಿತು. ಮೈಕು ಕೈಗೆ ತೆಗೆದುಕೊಂಡೆ. ಹೊರಗೆ ನನ್ನ ಉಸಿರು ಹಾರನ್ನಿನಲ್ಲಿ ದೊಡ್ಡದಾಗಿ ಕೇಳಿಸಿತು.

“ನಾನು ಶಾಲಿ ಟೀಚರ್ ಮಾತಾಡ್ತಿದ್ದೀನಿ. ಐದನೇ ತರಗತಿ ಮಕ್ಕಳಿಗೆ ನಾನು ಹರಳು ತರ್ರಿ, ರುಚಿ ನೋಡ್ರಿ ಅಂತ ಹೇಳಿದ್ದೆ. ತಪ್ಪು ನಂದು. ಒಂದು ಮಗು ಗದ್ದಿ ಗುಳಿಗಿ ತಂದು ತಿಂದೈತಿ. ನೇರಳಿ ಬಣ್ಣದ ಗುಳಿಗಿ. ಯಾರ ಮನ್ಯಾಗ, ಯಾರ ಶೆಡ್ಡಿನಾಗ ಆ ಚೀಲ ಐತಿ, ಅವರು ಈಗಿಂದೀಗ ಅಲ್ಲಿ ಹೋಗಿ ನೋಡ್ರಿ. ಚೀಲ ತಗೊಂಡು ಬರ್ರಿ.” ಆಮೇಲೆ ಹುಡುಗಿಯ ಹೆಸರು ಹೇಳಿದೆ. “ನೀನು ಏನೂ ತಪ್ಪು ಮಾಡಿಲ್ಲವ್ವ. ನಿನ್ನ ಯಾರೂ ಬೈಯಂಗಿಲ್ಲ. ಎಲ್ಲಿದ್ದರೂ ಹೊರಗ ಬಾ. ನಾನು ಇಲ್ಲೇ ನಿಂತೀನಿ.”

ಅದನ್ನೇ ಮೂರು ಸಲ ಹೇಳಿದೆ. ನಾಲ್ಕನೆಯ ಸಲಕ್ಕೆ ದನಿ ಒಡೆಯಿತು. ಹೊರಗೆ ಬಂದಾಗ ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಕೆಲವರು ತಮ್ಮ ಮಕ್ಕಳಿಗಾಗಿ ಶಾಲೆಯ ಕಡೆ ಓಡುತ್ತಿದ್ದರು. ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಲಿಸೋದು ಇದನ್ನೇನು?” ಎಂದು ಮುಖ ತಿರುಗಿಸಿದಳು.

ಆಂಬುಲೆನ್ಸು ಶಾಲೆಯ ಮುಂದೆ ಬಂದು ನಿಂತಿತ್ತು. ನಾವು ಕಾಯತೊಡಗಿದೆವು. ನಾಲ್ಕು ನಿಮಿಷವೋ ಹತ್ತು ನಿಮಿಷವೋ ಹೇಳಲಾರೆ. ಮೇಲಿಂದ ಮೇಲೆ ಒಂದೇ ಲೆಕ್ಕ ಹಾಕುತ್ತಿದ್ದೆ: ತಿಂದು ಒಂದು ತಾಸಾಗುತ್ತ ಬಂತು.

ಬದುವಿನ ಮೇಲೆ ಬೈಕೊಂದು ಏಳುತ್ತ ಬೀಳುತ್ತ ಬರುವುದು ಕಾಣಿಸಿತು. ಓಡಿಸುತ್ತಿದ್ದವನು ಬೇರೆ ಯಾರೋ. ಹಿಂದೆ ಮೊಣಕಾಲವರೆಗೆ ಕೆಸರು ಮೆತ್ತಿದ ಮನುಷ್ಯ. ಅವರಿಬ್ಬರ ನಡುವೆ ಹುಡುಗಿಯ ತಲೆ ಒಂದು ಕಡೆ ವಾಲಿತ್ತು. ಹಿಂದಿನವನು ಅವಳ ಅಪ್ಪ. ಎರಡು ಗದ್ದೆ ಆಚೆ ಕೆಲಸ ಮಾಡುತ್ತಿದ್ದವನು ಮೈಕು ಕೇಳಿ, ತಾನೇ ಚೀಲ ಇಟ್ಟಿದ್ದ ಪಂಪ್‌ಸೆಟ್ ಶೆಡ್ಡಿಗೆ ಓಡಿದ್ದ. ಅವಳು ಅಲ್ಲಿ ಚೀಲದ ಪಕ್ಕ ಮಲಗಿದ್ದಳು. ಚೀಲವನ್ನು ಅವನು ಅಂಗಿಯೊಳಗೆ ತುರುಕಿಕೊಂಡು ತಂದಿದ್ದ.

ಅವಳ ಬಾಯಿಂದ ಜೊಲ್ಲು ಸೋರಿ ಸಮವಸ್ತ್ರದ ಎದೆ ಒದ್ದೆಯಾಗಿತ್ತು. ಹಣೆ, ಕುತ್ತಿಗೆ ಬೆವರಿನಲ್ಲಿ ತೊಯ್ದಿದ್ದವು. ಕೆನ್ನೆಯ ಮಾಂಸ ತಾನಾಗಿಯೇ ಪಟಪಟ ಅದುರುತ್ತಿತ್ತು. ಆಂಬುಲೆನ್ಸಿನ ನರ್ಸ್ ರೆಪ್ಪೆ ಎತ್ತಿ ಬೆಳಕು ಬಿಟ್ಟು ನೋಡಿದ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಅವಳನ್ನು ಮಗ್ಗುಲಾಗಿ ಮಲಗಿಸಿ, ಬಾಯಿಯ ನೊರೆ ಎಳೆದು, ಆಕ್ಸಿಜನ್ ಹಾಕಿದ. ಅಪ್ಪನಿಗೆ ಕೈ ತೊಳೆದು ಹತ್ತು ಎಂದ. ನನಗೆ, “ಮೇಡಂ, ಚೀಲದ ಮ್ಯಾಲೆ ಏನೈತಿ ಓದ್ರಿ, ಡಾಕ್ಟರು ಲೈನಿನಾಗ ಅದಾರ,” ಎಂದು ಕೈಗವಸು ಕೊಟ್ಟ.

ಆ ಚೀಲದ ಅಕ್ಷರಗಳು ಇರುವೆಯಷ್ಟು ಸಣ್ಣವು. ಗಾಡಿ ಕುಲುಕುತ್ತಿತ್ತು. ಔಷಧದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದೆ. ವಿಷಕ್ಕೆ ಪ್ರತಿಮದ್ದು ಯಾವುದೆಂದು ಬರೆದಿತ್ತು, ಅದನ್ನೂ ಓದಿದೆ. ಆ ಕಡೆಯಿಂದ ಡಾಕ್ಟರು, “ಸರಿ, ಅಟ್ರೋಪಿನ್ ರೆಡಿ ಇದೆ, ಬನ್ನಿ,” ಎಂದರು. ಹುಡುಗಿಯ ಅಪ್ಪ ಅವಳ ಪಾದ ಹಿಡಿದು ಕುಳಿತಿದ್ದ. ಒಂದು ಸಲವೂ ನನ್ನ ಮುಖ ನೋಡಲಿಲ್ಲ.

ಕಂಪ್ಲಿಯಲ್ಲಿ ಅವಳನ್ನು ಇಳಿಸಿಕೊಂಡ ಕೂಡಲೇ ಬಟ್ಟೆ ಬದಲಿಸಿ, ಮೈ ತೊಳೆದು, ಸೂಜಿ ಹಾಕಿದರು. ಐದೈದು ನಿಮಿಷಕ್ಕೆ ಒಮ್ಮೆ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು, ಕಣ್ಣು ನೋಡುವುದು, ಇನ್ನೊಂದು ಡೋಸ್ ಎನ್ನುವುದು. ಎದೆಯೊಳಗಿನ ನೀರಿನ ಸದ್ದು ಆರುವವರೆಗೆ ಹೀಗೇ ಕೊಡಬೇಕು ಎಂದರು. ಎಷ್ಟು ಡೋಸ್ ಆದವೋ. ಜೊಲ್ಲು ನಿಂತಿತು. ಆದರೆ ಮುಖ ಕೆಂಡದಂತೆ ಕೆಂಪಾಯಿತು, ಅವಳು ಏನೇನೋ ಬಡಬಡಿಸುತ್ತ ಹೊದಿಕೆ ಕಿತ್ತೆಸೆಯತೊಡಗಿದಳು. ಸತ್ತೇ ಹೋಗುತ್ತಾಳೆ ಎಂದು ನಾನು ಗೋಡೆ ಹಿಡಿದೆ. ಅದು ಇಂಜೆಕ್ಷನ್ನಿನ ಪರಿಣಾಮ, ಹೀಗಾಗುವುದು ಒಳ್ಳೆಯ ಲಕ್ಷಣ ಎಂದು ನರ್ಸಮ್ಮ ಹೇಳಿದರೂ ನನ್ನ ಮೈ ನಂಬಲಿಲ್ಲ.

ನೆಕ್ಕಿ ಉಗುಳಿದ ನಾಲ್ವರು ಪಕ್ಕದ ವಾರ್ಡಿನಲ್ಲಿ ಸಾಲಾಗಿ ಮಲಗಿದ್ದರು. ಚೆನ್ನಾಗಿದ್ದರು. ಡಾಕ್ಟರು ಕಾಗದ ತೆಗೆದು ಹೇಗಾಯಿತು ಎಂದು ಕೇಳಿದರು. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಮೊದಲ ದಿನದ ಪಾಠದಿಂದ ಎಲ್ಲವನ್ನೂ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, “ಉಳಿದ ಮಕ್ಕಳು ನಿನ್ನೆ ಸಂಜೆ ಮನೆಯಲ್ಲಿ ಇನ್ನೇನನ್ನಾದರೂ ರುಚಿ ನೋಡಿದ್ದಾರಾ, ಕೇಳಿದಿರಾ?” ಎಂದರು. ಕೇಳಿರಲಿಲ್ಲ. ಅಡುಗೆಯಕ್ಕನಿಗೆ ಫೋನ್ ಮಾಡಿದೆ. ಅವಳು ಹದಿನೆಂಟು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳಿದಳು. ಒಬ್ಬ ಬಟ್ಟೆ ಸೋಡಾ ನೆಕ್ಕಿ ನಾಲಿಗೆ ಸುಟ್ಟುಕೊಂಡಿದ್ದ, ಇನ್ನೊಬ್ಬ ಯೂರಿಯಾ ನೆಕ್ಕಿದ್ದ. ಅವರನ್ನೂ ಕರೆಸಿ ತೋರಿಸಿದೆವು.

ಮಧ್ಯಾಹ್ನದ ಹೊತ್ತಿಗೆ ಹುಡುಗಿಯನ್ನು ಹೊಸಪೇಟೆಗೆ ಕಳಿಸಿದರು. ಉಸಿರಾಟಕ್ಕೆ ತೊಂದರೆಯಾದರೆ ಯಂತ್ರ ಹತ್ತಿರ ಇರಲಿ ಎಂದು. ಅವಳ ಅವ್ವ ಗದ್ದೆಯಿಂದ ಬಂದು ಸೇರಿದ್ದಳು. ಗಾಡಿಯಲ್ಲಿ ಮಗಳ ಜೊತೆ ಅವಳು ಹೋದಳು. ಅಪ್ಪ ಮತ್ತು ನಾನು ಬಸ್ಸಿನಲ್ಲಿ ಹಿಂದೆ ಹೋದೆವು. ಹೊಸಪೇಟೆಯ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತಾಗ ಮೊದಲ ಸಲ ಅವನೊಡನೆ ಮಾತಾಡಿದೆ.

“ಅಣ್ಣ, ತಪ್ಪು ನಂದು.”

“ಮೈಕಿನಾಗ ಕೇಳೀನಲ್ರಿ,” ಎಂದ. “ನೀವು ಶೆಡ್ಡು ಅನ್ನಲಿಲ್ಲಂದ್ರ ನಾನು ಸಂಜಿತನಾ ಆ ಕಡೆ ಹೋಗ್ತಿದ್ದಿಲ್ರಿ ಟೀಚರಮ್ಮ. ಮುಟ್ಟಬ್ಯಾಡ ಅಂತ ಆಕಿಗೆ ನೂರು ಸಲ ಹೇಳೀನಿ. ಯಾಕ ಅಂತ ಒಮ್ಮಿನೂ ಹೇಳಿಲ್ಲ.” ಎದ್ದು ಕಿಟಕಿಗೆ ಹೋಗಿ ಒಳಗೆ ನೋಡಿ ಬಂದು ಕುಳಿತ. “ಹಂಗಂತ ನಿಮ್ಮನ್ನ ಬಿಟ್ಟೀನಿ ಅಂತಲ್ಲ.”

“ಇಲ್ಲ,” ಎಂದೆ.

ಮರುದಿನ ಬೆಳಗ್ಗೆ ನಾನು ಹೋದಾಗ ಅವಳು ದಿಂಬಿಗೆ ಒರಗಿ ಕುಳಿತಿದ್ದಳು. ಕಣ್ಣು ಎಂದಿನ ಕಣ್ಣಾಗಿತ್ತು. ಯಾಕೆ ಓಡಿದೆ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಅಪ್ಪನಿಗೆ ಗೊತ್ತಾಗುವುದರೊಳಗೆ ಉಳಿದದ್ದನ್ನು ಚೀಲಕ್ಕೆ ತಿರುಗಿ ಹಾಕಿ ಬರಲು. ಮೈಕಿನಲ್ಲಿ ನನ್ನ ದನಿ ಕೇಳಿಸಿತ್ತಂತೆ. ಎದ್ದು ಬರಲು ಕಾಲು ಬರಲಿಲ್ಲವಂತೆ.

“ಟೀಚರ್, ಅದು ಕಹಿ ಇರಲಿಲ್ರಿ,” ಎಂದಳು. “ವಿಷ ಅಂದ್ರ ಕಹಿ ಇರ್ತೈತಿ ಅಂತ ತಿಳಕೊಂಡಿದ್ದೆ.”

ಇಲಾಖೆಯಿಂದ ನೋಟಿಸು ಬಂತು. ನಡೆದದ್ದನ್ನೆಲ್ಲ ಬರೆದು ಕೊಟ್ಟೆ. ಏನು ಶಿಕ್ಷೆಯಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು ನಾನು ಶಾಲೆಗೆ ಮರಳಿದ ದಿನ ಕಂಡದ್ದು. ಐದನೇ ತರಗತಿಯ ಮಕ್ಕಳು ಬಿಸಿಯೂಟದ ಉಪ್ಪಿಟ್ಟು ಮುಟ್ಟುತ್ತಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದರು. ಸಕ್ಕರೆ ಹಾಕಿದ ಹಾಲನ್ನೂ ಒಲ್ಲೆ ಎನ್ನುತ್ತಿದ್ದರಂತೆ.

“ಯಾಕೆ ತಿನ್ನಲ್ಲ?”

“ಅದು ಹರಳ್ರಿ ಟೀಚರ್,” ಎಂದ ಉಂಗುರದ ಪ್ರಶ್ನೆ ಕೇಳಿದ್ದ ಹುಡುಗ. “ಹರಳು ಅಂದ್ರ ವಿಷ.”

ಮೊದಲ ದಿನ ನಾನು ಕಲಿಸಿದ್ದರ ಫಲ ಇದು. ಪಾಠ ಮಾಡಲು ಭಯವಾಗುತ್ತಿತ್ತು, ಆದರೂ ಅವತ್ತೇ ಮಾಡಬೇಕಿತ್ತು. ಗೋಧಿಯನ್ನು ಬೀಸುಕಲ್ಲಿನಲ್ಲಿ ಹಾಕಿ ಒಡೆದು ಅವರ ಕಣ್ಣ ಮುಂದೆಯೇ ರವೆ ಮಾಡಿದೆ. ಹರಳು ಅಂದರೆ ಆಕಾರದ ಹೆಸರು ಎಂದೆ. ದುಂಡಗೆ ಇರುವುದೆಲ್ಲ ಚೆಂಡಲ್ಲ, ಲಾಡೂ ದುಂಡಗಿರುತ್ತದೆ, ಕಲ್ಲೂ ದುಂಡಗಿರುತ್ತದೆ. ಔಷಧವನ್ನು ಯಾಕೆ ಹರಳು ಮಾಡುತ್ತಾರೆ? ಗಾಳಿಗೆ ಹಾರದೆ ಬುಡಕ್ಕೆ ಬೀಳಲಿ ಎಂದು, ನೀರಿನಲ್ಲಿ ಮೆಲ್ಲಗೆ ಬಿಡಲಿ ಎಂದು. ಬಣ್ಣ ಯಾಕೆ ಹಾಕುತ್ತಾರೆ? ತಿನ್ನುವ ವಸ್ತುವಲ್ಲ ಎಂದು ದೂರದಿಂದಲೇ ತಿಳಿಯಲಿ ಎಂದು. “ಅದು ನಮಗ ಚಂದ ಕಂಡಿತ್ರಿ,” ಎಂದಳು ಒಬ್ಬಳು. ಹೌದು, ನನಗೂ ಕಂಡಿತ್ತು ಎಂದೆ. ಹೊಸದೊಂದು ವಸ್ತು ಸಿಕ್ಕರೆ ಮೊದಲು ಮಾಡಬೇಕಾದ್ದು ಕೇಳುವುದು, ಇದು ಯಾವುದು, ಎಲ್ಲಿಂದ ಬಂತು ಎಂದು. ಉತ್ತರ ಸಿಗುವವರೆಗೆ ಕೈ ಬೆನ್ನ ಹಿಂದೆ ಎಂದೆ. ಆಮೇಲೆ ಎಲ್ಲರಿಗಿಂತ ಮೊದಲು ನಾನು ಉಪ್ಪಿಟ್ಟು ತಿಂದೆ. ಒಬ್ಬೊಬ್ಬರಾಗಿ ತುತ್ತೆತ್ತಿದರು.

ಎರಡು ವಾರದ ಮೇಲೆ ಹುಡುಗಿ ಶಾಲೆಗೆ ಬಂದಳು. ಬಿಡಲು ಬಂದ ಅವಳ ಅಪ್ಪ ಹೋಗದೆ ಬಾಗಿಲಲ್ಲೇ ನಿಂತ. ಅವತ್ತು ಔಷಧದ ಚೀಲದ ಮೇಲಿನ ಬರಹವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಮಕ್ಕಳಿಂದ ಓದಿಸುವುದೆಂದು ಮಾಡಿದ್ದೆ. ಒಳಗೆ ಬನ್ನಿ ಎಂದೆ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಚಿಕೊಂಡು ಕುಳಿತ. ಓದಲು ಅವನ ಮಗಳೇ ಎದ್ದು ನಿಂತಳು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಬರಿಗೈಯಿಂದ ಮುಟ್ಟಬಾರದು. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಚೆಲ್ಲಬಾರದು.

“ಆ ಬರಿಗೈ ಮಾತು ಇನ್ನೊಮ್ಮಿ ಓದವ್ವ,” ಎಂದ ಅಪ್ಪ ಹಿಂದಿನಿಂದ.

ಅವಳು ಓದಿದಳು. ಅವನು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

“ಮಾಮ, ನೀವು ಹೆಂಗ ಚೆಲ್ತೀರಿ?” ಎಂದು ಮುಂದಿನ ಸಾಲಿನ ಹುಡುಗ ಕೇಳಿದ.

“ಬುಟ್ಯಾಗ ಹಾಕ್ಕೊಂಡು ಕೈಲೇ ಚೆಲ್ತೀನಪ. ಎಲ್ಲಾರೂ ಹಂಗ.”

“ನಿಮಗ ಏನೂ ಆಗಲ್ಲೇನ್ರಿ?”

ಅವನು ಯೋಚಿಸಿದ. “ಚೆಲ್ಲಿದ ದಿನ ಕಣ್ಣು ಮಂಜಾಗ್ತಾವ. ಹೊಟ್ಟಿ ತೊಳಸ್ತೈತಿ. ಬಿಸಿಲಿಗೆ ಅಂತ ತಿಳಕೊಂಡಿದ್ದೆ.”

ಆಮೇಲೆ ಒಬ್ಬಳು ಕೈ ಎತ್ತಿದಳು. “ಟೀಚರ್, ನಮ್ಮಪ್ಪಗೂ ಹಂಗ ಆಗ್ತೈತ್ರಿ.” ಅವಳ ಹಿಂದೆ ಇನ್ನೊಂದು ಕೈ. “ನಮ್ಮವ್ವಗೂ.” ಮತ್ತೊಂದು. ಮತ್ತೆರಡು. ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ.

ನೋಟ್‌ಬುಕ್ಕು ತೆಗೆಯಿರಿ ಎಂದೆ. ಬೋರ್ಡಿನ ಮೇಲಿದ್ದುದನ್ನು ಒಂದಕ್ಷರ ಬಿಡದೆ ಬರೆದುಕೊಂಡು, ಸಂಜೆ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಎಂದೆ. ಇಪ್ಪತ್ಮೂರು ತಲೆಗಳು ಬಾಗಿದವು. ಹಿಂದಿನ ಬೆಂಚಿನಿಂದ ಅವನು ಎದ್ದು ಬಂದು, ಮಗಳ ಪಕ್ಕ ನೆಲದ ಮೇಲೆ ಕುಳಿತು, ಅವಳು ಬರೆಯುವುದನ್ನೇ ನೋಡತೊಡಗಿದ.